ಮರದ ಮೈ ನಯಗೊಳಿಸುವ ಸಾಧನಗಳು: ಕೈ ಬೆಲ್ಟ್ ಸ್ಯಾಂಡರಿನ ಚರಿತ್ರೆ ಹಾಗೂ ಆಯ್ಕೆಯ ಪ್ರಶ್ನೆ

ಮರಗೆಲಸದ ಚರಿತ್ರೆಯನ್ನು ಬರೆಯುವಾಗ ಉಳಿ, ಬಾಚಿ, ಗರಗಸ ಮತ್ತು ಕೀಸುಳಿಗಳಿಗೆ ದೊರೆತಷ್ಟು ಗಮನ ಮರದ ಮೈಯನ್ನು ನಯಗೊಳಿಸುವ ಪರಿಕರಗಳಿಗೆ ದೊರೆತಿಲ್ಲ. ಕಡಿಯುವ, ಕೊರೆಯುವ ಹತಾರಗಳು ಲೋಹದವಾದುದರಿಂದ ಕಾಲವನ್ನು ದಾಟಿ ಉಳಿದುಬಂದಿವೆ. ತಿಕ್ಕುವ ಸಾಮಗ್ರಿಗಳಾದರೋ ಬಳಕೆಯಲ್ಲಿಯೇ ಸವೆದು ಹೋಗುತ್ತವೆ. ಆದರೆ ವಸ್ತುವೊಂದು ನೋಡುವವನ ಕಣ್ಣಿಗೂ ಮುಟ್ಟುವವನ ಕೈಗೂ ಒಪ್ಪುವುದು ಈ ಕೊನೆಯ ಕೆಲಸದಿಂದಲೇ. ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸಕ್ಕೆ ಒದಗಿಬಂದ ಮುಖ್ಯ ಯಂತ್ರಗಳಲ್ಲೊಂದು ಕೈಯಲ್ಲಿ ಹಿಡಿದು ನಡೆಸುವ ಬೆಲ್ಟ್ ಸ್ಯಾಂಡರ್. ಇಂತಹ ಯಂತ್ರವನ್ನು ಆಯ್ದುಕೊಳ್ಳುವಾಗ ಇಂದು ಪರಿಗಣಿಸಲಾಗುವ ಪಟ್ಟಿಯ ಅಗಲ, ವೇಗ, ತೂಕ, ದೂಳಿನ ನಿರ್ವಹಣೆ ಮೊದಲಾದ ಅಂಶಗಳು ಕೇವಲ ಮಾರಾಟಗಾರರ ಪಟ್ಟಿಯಿಂದ ಹುಟ್ಟಿದವುಗಳಲ್ಲ. ಅವುಗಳಲ್ಲಿ ಒಂದೊಂದೂ ಈ ಸಾಧನದ ಚರಿತ್ರೆಯಲ್ಲಿ ಎದುರಾದ ಒಂದೊಂದು ತೊಡಕಿಗೆ ಸಂಬಂಧಿಸಿದುದು ಎಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಯಂತ್ರಪೂರ್ವ ಪರಿಕರಗಳು

ಮರವನ್ನು ನಯಗೊಳಿಸಲು ಎರಡು ಮೂಲ ವಿಧಾನಗಳಿವೆ. ಹರಿತವಾದ ಅಲಗಿನಿಂದ ತೆಳುವಾದ ಹೊಪ್ಪಳಿಕೆಯನ್ನು ಎಬ್ಬಿಸುವುದು ಒಂದು. ಗಡಸು ಕಣಗಳಿಂದ ತಿಕ್ಕಿ ಸವೆಸುವುದು ಇನ್ನೊಂದು. ಮೊದಲನೆಯದಕ್ಕೆ ಕೀಸುಳಿ ಉದಾಹರಣೆ. ಪಾಂಪೇಯಿಯ ಅವಶೇಷಗಳಲ್ಲಿ ರೋಮನ್ನರ ಕೀಸುಳಿಗಳು ದೊರೆತಿವೆ. ಎರಡನೆಯದು ಇನ್ನೂ ಪ್ರಾಚೀನವಾದುದು. ಪ್ರಾಚೀನ ಈಜಿಪ್ಟಿನ ಬಡಗಿಗಳು ಮರಳುಗಲ್ಲಿನ ತುಂಡುಗಳಿಂದ ಮರವನ್ನು ತಿಕ್ಕುತ್ತಿದ್ದರು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಒಂದು ಜಾತಿಯ ಮೀನಿನ ಒರಟು ಚರ್ಮದಿಂದ ಮರ ಮತ್ತು ದಂತಗಳಿಗೆ ಹೊಳಪು ಕೊಡುತ್ತಿದ್ದುದನ್ನು ದಾಖಲಿಸಿದ್ದಾನೆ. ಜಪಾನಿನಲ್ಲಿ ಸಿಲಿಕಾಂಶವುಳ್ಳ ಟೊಕುಸಾ ಎಂಬ ಸಸ್ಯದ ಒಣಗಿದ ಕಾಂಡವನ್ನು ಇದೇ ಕಾರ್ಯಕ್ಕೆ ಬಳಸಲಾಗುತ್ತಿತ್ತು.

ಕರ್ನಾಟಕದಲ್ಲಿಯೂ ಇದಕ್ಕೆ ಹತ್ತಿರದ ನಿದರ್ಶನವಿದೆ. ಚನ್ನಪಟ್ಟಣದ ಅರಗಿನ ಕೆಲಸದಲ್ಲಿ, ಚರಕಿಯಲ್ಲಿ ತಿರುಗುತ್ತಿರುವ ಹಾಲೆಮರದ ಆಕೃತಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅನಂತರ ತಾಳೆಗರಿ ಎಂದು ಕರೆಯಲಾಗುವ ಒಣಗಿದ ಎಲೆಯನ್ನು ಒತ್ತಿ ಅದನ್ನು ಸಮನಾಗಿ ಹರಡಿ ಹೊಳಪು ತರಲಾಗುತ್ತದೆ. ಇಲ್ಲಿ ಎಲೆ ಮರವನ್ನು ಸವೆಸುವುದಿಲ್ಲ. ಮೇಲಿನ ಲೇಪವನ್ನು ನಯಗೊಳಿಸುತ್ತದೆ. ಒರಟು ತೆಗೆಯುವ ಹಂತ ಹಾಗೂ ಹೊಳಪು ಕೊಡುವ ಹಂತಗಳು ಬೇರೆ ಬೇರೆ, ಅವುಗಳ ಸಾಧನಗಳೂ ಬೇರೆ ಬೇರೆ ಎಂಬ ತಿಳಿವಳಿಕೆ ಕುಶಲಕರ್ಮಿಗಳಲ್ಲಿ ಯಂತ್ರಯುಗಕ್ಕೆ ಮೊದಲೇ ಇದ್ದಿತೆಂಬುದಕ್ಕೆ ಇದು ಸಾಕ್ಷಿ. ಈ ವಿಂಗಡಣೆಯನ್ನು ಮರೆತಾಗಲೇ ಯಂತ್ರದ ಆಯ್ಕೆಯಲ್ಲಿ ತಪ್ಪುಗಳಾಗುತ್ತವೆ.

ಉಪ್ಪುಕಾಗದದಿಂದ ಪಟ್ಟಿಯವರೆಗೆ

ಕನ್ನಡದಲ್ಲಿ ಉಪ್ಪುಕಾಗದವೆಂದು ಪರಿಚಿತವಾದ ಸಾಮಗ್ರಿ ಉದ್ಯಮದ ರೂಪ ತಾಳಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿಯನ್ನು ಅಂಟಿಸಿದ ಕಾಗದದ ತಯಾರಿಕೆಯನ್ನು ಆರಂಭಿಸಿದನು. 1834ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಐಸಾಕ್ ಫಿಶರ್ ಇದರ ತಯಾರಿಕಾ ವಿಧಾನಗಳಿಗೆ ಹಕ್ಕುಪತ್ರ ಪಡೆದನು. ಗಾಜು ಬೇಗ ಮೊಂಡಾಗುತ್ತಿತ್ತು. ಗಾರ್ನೆಟ್ ಮೊದಲಾದ ಸಹಜ ಖನಿಜಗಳು ಅದಕ್ಕಿಂತ ಮೇಲಾಗಿದ್ದರೂ ಅವುಗಳ ಗುಣಮಟ್ಟ ಒಂದೇ ಸಮನಾಗಿರಲಿಲ್ಲ. 1891ರಲ್ಲಿ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ತಯಾರಿಸಿ ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟನು. ಅದೇ ದಶಕದ ಕೊನೆಗೆ ಬಾಕ್ಸೈಟನ್ನು ಕರಗಿಸಿ ಅಲ್ಯುಮಿನಿಯಮ್ ಆಕ್ಸೈಡ್ ಕಣಗಳನ್ನು ಪಡೆಯುವ ವಿಧಾನವೂ ಸಿದ್ಧಿಸಿತು. ಮರಗೆಲಸದ ಪಟ್ಟಿಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಈ ಎರಡನೆಯ ಕಣ.

ಕಣವೊಂದೇ ಸಾಲದು, ಅದನ್ನು ಹಿಡಿದಿಡುವ ಅಂಟೂ ಅಷ್ಟೇ ಮುಖ್ಯ ಎಂಬುದನ್ನು ಮಿನೆಸೋಟ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಆರಂಭದ ವರ್ಷಗಳು ತೋರಿಸುತ್ತವೆ. ಕುರುಂದವನ್ನು ಅಗೆದು ತೆಗೆಯಲೆಂದು 1902ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ತನ್ನ ನೆಲದಲ್ಲಿರುವುದು ಕುರುಂದವಲ್ಲವೆಂದು ತಿಳಿದುಬಂದ ಮೇಲೆ ಅದು ಉಪ್ಪುಕಾಗದದ ತಯಾರಿಕೆಗೆ ತಿರುಗಿತು. 1914ರಲ್ಲಿ ಕಾಗದದಿಂದ ಗಾರ್ನೆಟ್ ಕಣಗಳು ಉದುರುತ್ತಿವೆ ಎಂಬ ದೂರುಗಳು ಬಂದವು. ಹಡಗಿನಲ್ಲಿ ಆಲಿವ್ ಎಣ್ಣೆ ಸೋರಿ ಗಾರ್ನೆಟ್ ಚೀಲಗಳನ್ನು ನೆನೆಸಿದ್ದುದೇ ಇದಕ್ಕೆ ಕಾರಣವೆಂದು ಪತ್ತೆಯಾಯಿತು. ಈ ಅನುಭವದ ಫಲವಾಗಿ ಸಂಸ್ಥೆಯು ಕಚ್ಚಾವಸ್ತುಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದನ್ನು ಆರಂಭಿಸಿತು. ಮುಂದೆ ಪ್ರಾಣಿಜನ್ಯ ಅಂಟಿನ ಸ್ಥಾನದಲ್ಲಿ ಕೃತಕ ರಾಳಗಳು ಬಂದುವು. ಪ್ರಾಣಿಜನ್ಯ ಅಂಟು ಬಿಸಿಗೂ ತೇವಕ್ಕೂ ಮೆತ್ತಗಾಗುತ್ತದೆ. ವೇಗವಾಗಿ ಓಡುವ ಪಟ್ಟಿಯಲ್ಲಿ ಬಿಸಿ ಅನಿವಾರ್ಯ. ಹೀಗಾಗಿ ಬಟ್ಟೆಯ ಬೆನ್ನು ಮತ್ತು ರಾಳದ ಬಂಧಗಳುಳ್ಳ ಪಟ್ಟಿಯೇ ಕೈಯಂತ್ರಕ್ಕೆ ತಕ್ಕುದೆನಿಸಿತು. ಭಾರತದಲ್ಲಿ 1954ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕಾರ್ಬೊರಂಡಮ್ ಯೂನಿವರ್ಸಲ್ ಸಂಸ್ಥೆಯು ಈ ಬಗೆಯ ಅಪಘರ್ಷಕಗಳ ದೇಶೀಯ ತಯಾರಿಕೆಯಲ್ಲಿ ಪ್ರಮುಖ ಪಾತ್ರ ವಹಿಸಿತು.

ಕೈಗೆ ಬಂದ ಯಂತ್ರ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ನಯಗೊಳಿಸುವ ಯಂತ್ರಗಳು ಕಾರ್ಖಾನೆಯ ನೆಲಕ್ಕೆ ಬಿಗಿದ ಭಾರೀ ಯಂತ್ರಗಳಾಗಿದ್ದವು. ಅವುಗಳ ಬಳಿಗೆ ಮರವನ್ನೇ ಒಯ್ಯಬೇಕಾಗಿತ್ತು. ಜೋಡಿಸಿ ನಿಲ್ಲಿಸಿದ ಬಾಗಿಲು, ಮೇಜು, ಮೆಟ್ಟಿಲುಗಳಿಗೆ ಅವು ಪ್ರಯೋಜನಕ್ಕೆ ಬರುತ್ತಿರಲಿಲ್ಲ. 1895ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟಿನ ಫೈನ್ ಸಂಸ್ಥೆ ಕೈಯಲ್ಲಿ ಹಿಡಿಯುವ ವಿದ್ಯುತ್ ಕೊರೆಯುವ ಯಂತ್ರವನ್ನು ರೂಪಿಸಿದ ಮೇಲೆ ಯಂತ್ರವನ್ನೇ ಕೆಲಸದ ಬಳಿಗೆ ಒಯ್ಯುವ ಮಾರ್ಗ ತೆರೆಯಿತು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದಲ್ಲಿ 1906ರಲ್ಲಿ ಆರಂಭವಾಗಿದ್ದ ಪೋರ್ಟರ್-ಕೇಬಲ್ ಸಂಸ್ಥೆಯು 1926ರಲ್ಲಿ ‘ಟೇಕ್-ಅಬೌಟ್’ ಎಂಬ ಹೆಸರಿನ ಬೆಲ್ಟ್ ಸ್ಯಾಂಡರನ್ನು ಮಾರುಕಟ್ಟೆಗೆ ತಂದಿತು. ಇದನ್ನು ರೂಪಿಸಿದವನು ಸಂಸ್ಥೆಯ ತಂತ್ರಜ್ಞ ಆರ್ಟ್ ಎಮನ್ಸ್. ಎತ್ತಿಕೊಂಡು ತಿರುಗಬಹುದಾದುದು ಎಂಬ ಅರ್ಥದ ಆ ಹೆಸರೇ ಯಂತ್ರದ ಉದ್ದೇಶವನ್ನು ಸಾರುತ್ತದೆ.

ಇದರ ರಚನೆ ಇಂದಿಗೂ ಮೂಲತಃ ಬದಲಾಗಿಲ್ಲ. ಎರಡು ಉರುಳೆಗಳ ಸುತ್ತ ಕೊನೆಯಿಲ್ಲದ ಅಪಘರ್ಷಕ ಪಟ್ಟಿ ಓಡುತ್ತದೆ. ಹಿಂದಿನ ಉರುಳೆಗೆ ಮೋಟಾರು ಚಾಲನೆ ನೀಡುತ್ತದೆ. ಮುಂದಿನದು ಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತದೆ. ನಡುವೆ ಚಪ್ಪಟೆಯಾದ ಒತ್ತುತಟ್ಟೆಯೊಂದು ಪಟ್ಟಿಯನ್ನು ಮರಕ್ಕೆ ಒತ್ತುತ್ತದೆ. ಕೆಳಭಾಗದಲ್ಲಿ ಪಟ್ಟಿ ಹಿಂದಕ್ಕೆ ಓಡುವುದರಿಂದ ಯಂತ್ರ ತಾನಾಗಿಯೇ ಮುಂದಕ್ಕೆ ನುಗ್ಗಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಎರಡೂ ಕೈಗಳು ಬೇಕು. ಕ್ಷಣಕಾಲ ಒಂದೆಡೆ ನಿಂತರೂ ಮರದಲ್ಲಿ ಹಳ್ಳ ಬೀಳುತ್ತದೆ. ಕೀಸುಳಿಯ ಅಲಗು ಅದರ ತಳದಿಂದ ಎಷ್ಟು ಹೊರಚಾಚಿದೆಯೋ ಅಷ್ಟನ್ನು ಮಾತ್ರ ತೆಗೆಯಬಲ್ಲದು. ಬೆಲ್ಟ್ ಸ್ಯಾಂಡರಿಗೆ ಅಂತಹ ಮಿತಿ ಇಲ್ಲ. ಅದರ ಮಿತಿ ನಡೆಸುವವನ ಕೈಯಲ್ಲಿದೆ.

ಆಯ್ಕೆಯ ಮಾನದಂಡಗಳು

ಈ ಹಿನ್ನೆಲೆಯಲ್ಲಿ ಆಯ್ಕೆಯ ಅಂಶಗಳನ್ನು ಪರಿಶೀಲಿಸಬಹುದು. ಪಟ್ಟಿಯ ಗಾತ್ರವನ್ನು ಅಗಲ ಹಾಗೂ ಸುತ್ತಳತೆಗಳಲ್ಲಿ ಹೇಳುವುದು ವಾಡಿಕೆ. 3 ಅಂಗುಲ ಅಗಲ, 21 ಅಂಗುಲ ಸುತ್ತಳತೆಯ (ಸುಮಾರು 76 ಮತ್ತು 533 ಮಿಲಿಮೀಟರ್) ಪಟ್ಟಿ ಬಹುಬಳಕೆಯದು. 4 ಅಂಗುಲ ಅಗಲ, 24 ಅಂಗುಲ ಸುತ್ತಳತೆಯದು ಭಾರಿ ಕೆಲಸದ್ದು. ಅಗಲ ಹೆಚ್ಚಿದಷ್ಟೂ ಯಂತ್ರ ಮಗ್ಗುಲಿಗೆ ವಾಲುವುದು ಕಡಿಮೆಯಾಗುತ್ತದೆ. ಸುತ್ತಳತೆ ಹೆಚ್ಚಿದಷ್ಟೂ ಪಟ್ಟಿ ತಣಿಯಲು ಅವಕಾಶ ಹೆಚ್ಚು. ನಿಮಿಷಕ್ಕೆ 400 ಮೀಟರ್ ವೇಗದಲ್ಲಿ ಓಡುವ 533 ಮಿಲಿಮೀಟರಿನ ಪಟ್ಟಿಯ ಒಂದೊಂದು ಕಣವೂ ನಿಮಿಷಕ್ಕೆ ಸುಮಾರು 750 ಬಾರಿ ಮರವನ್ನು ಉಜ್ಜಿದರೆ, 610 ಮಿಲಿಮೀಟರಿನ ಪಟ್ಟಿಯ ಕಣ ಸುಮಾರು 655 ಬಾರಿ ಮಾತ್ರ ಉಜ್ಜುತ್ತದೆ. ದೊಡ್ಡ ಪಟ್ಟಿ ಹೆಚ್ಚು ಬಾಳುವುದಕ್ಕೆ ಇದೂ ಒಂದು ಕಾರಣ.

ತೂಕದ ವಿಷಯದಲ್ಲಿ ಹಗುರವಾದುದೇ ಉತ್ತಮವೆಂಬ ಗ್ರಹಿಕೆ ಪೂರ್ಣ ಸತ್ಯವಲ್ಲ. ಸಮತಲದ ಮೇಲೆ ಕೆಲಸ ಮಾಡುವಾಗ ಯಂತ್ರದ ತೂಕವೇ ಬೇಕಾದ ಒತ್ತಡವನ್ನು ಕೊಡುತ್ತದೆ. ಕೆಲಸಗಾರ ಮೇಲಿನಿಂದ ಒತ್ತಬೇಕಾಗಿಲ್ಲ, ಒತ್ತಲೂಬಾರದು. 5ರಿಂದ 6 ಕಿಲೋಗ್ರಾಂ ತೂಗುವ ಯಂತ್ರ ಮೇಜಿನ ಹಲಗೆಯ ಮೇಲೆ ಸ್ಥಿರವಾಗಿ ಸಾಗುತ್ತದೆ. ಅದೇ ಯಂತ್ರವನ್ನು ನಿಂತ ಬಾಗಿಲಿನ ಮೇಲೆ ಹಿಡಿದರೆ ತೋಳು ಸೋತು ಕೈ ತಪ್ಪುತ್ತದೆ; ಅಂತಹ ಕೆಲಸಕ್ಕೆ 3 ಕಿಲೋಗ್ರಾಮಿನ ಆಸುಪಾಸಿನದು ಲೇಸು. ವೇಗವನ್ನು ತಗ್ಗಿಸುವ ಏರ್ಪಾಡು ತೆಳುವಾದ ಮರಕ್ಕೂ ಹಳೆಯ ಬಣ್ಣವಿರುವ ಮರಕ್ಕೂ ಅಗತ್ಯ, ಏಕೆಂದರೆ ಹೆಚ್ಚಿನ ವೇಗದ ಬಿಸಿಗೆ ಬಣ್ಣ ಕರಗಿ ಪಟ್ಟಿಗೆ ಮೆತ್ತಿಕೊಳ್ಳುತ್ತದೆ. ಪಟ್ಟಿ ಪಕ್ಕಕ್ಕೆ ಸರಿಯದಂತೆ ಹೊಂದಿಸುವ ತಿರುಪು ಸುಲಭವಾಗಿ ಕೈಗೆ ಸಿಗಬೇಕು. ಒತ್ತುತಟ್ಟೆಯ ಗ್ರಾಫೈಟ್ ಹೊದಿಕೆ ಬದಲಿಸಲು ಬರುವಂತಿರಬೇಕು. ಕೆಲವು ಯಂತ್ರಗಳಿಗೆ ಸುತ್ತಲೂ ಚೌಕಟ್ಟೊಂದನ್ನು ಜೋಡಿಸುವ ಅನುಕೂಲವಿರುತ್ತದೆ. ಪಟ್ಟಿ ಮರಕ್ಕೆ ತಾಗುವ ಆಳವನ್ನು ಈ ಚೌಕಟ್ಟು ನಿಯಂತ್ರಿಸುವುದರಿಂದ ಕೀಸುಳಿಗಿದ್ದು ಬೆಲ್ಟ್ ಸ್ಯಾಂಡರಿಗಿಲ್ಲದ ಮಿತಿಯನ್ನು ಅದು ಮರಳಿ ಒದಗಿಸುತ್ತದೆನ್ನಬಹುದು.

ಕರ್ನಾಟಕದ ಮರಗೆಲಸ ಮತ್ತು ಯಂತ್ರದ ಎಲ್ಲೆ

ಈ ಮಾನದಂಡಗಳನ್ನು ಕರ್ನಾಟಕದ ಮರಗೆಲಸಕ್ಕೆ ಅನ್ವಯಿಸಿದಾಗ ಯಂತ್ರದ ಎಲ್ಲೆ ಸ್ಪಷ್ಟವಾಗುತ್ತದೆ. ಸಾಗರ, ಸೊರಬ ಭಾಗದ ಗುಡಿಗಾರರ ಶ್ರೀಗಂಧದ ಕೆತ್ತನೆಯಲ್ಲಿ ಸಮತಲವೇ ವಿರಳ. ಅಲ್ಲಿ ಚಪ್ಪಟೆ ತಟ್ಟೆಯ ಯಂತ್ರಕ್ಕೆ ಸ್ಥಾನವಿಲ್ಲ. ಚನ್ನಪಟ್ಟಣದಲ್ಲಿ ತಿರುಗುವುದು ಮರವೇ ಹೊರತು ಸಾಧನವಲ್ಲ. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸದ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಮೈಸೂರಿನ ಅಂಬಾವಿಲಾಸ ಅರಮನೆಯ ಬೀಟೆಮರದ ಬಾಗಿಲಲ್ಲಿ ಕಾಣುವಂತೆ ಹಿಂದೆ ದಂತವನ್ನು ಕೂರಿಸಲಾಗುತ್ತಿತ್ತು. ದಂತದ ವ್ಯಾಪಾರ ನಿಷೇಧವಾದ ಮೇಲೆ ಬಣ್ಣಬಣ್ಣದ ಮರಗಳ ತೆಳುತುಂಡುಗಳೇ ಮುಖ್ಯವಾದುವು. ಚಿತ್ರವಿಡೀ ತೆಳುಪದರದಲ್ಲಿರುವುದರಿಂದ, ಒರಟು ಪಟ್ಟಿಯ ಒಂದು ಅಸಮ ಸಾಗಾಟದಿಂದ ವಾರಗಳ ಕೆಲಸ ಅಳಿದುಹೋಗಬಹುದು. ಕಾರ್ಖಾನೆಯ ಅಲಂಕಾರಿಕ ವಿನೀರಿನ ದಪ್ಪವೂ ಅರ್ಧ ಮಿಲಿಮೀಟರಿನ ಆಸುಪಾಸಿನದೇ. ಇದಲ್ಲದೆ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ನಿಯಂತ್ರಣಕ್ಕೊಳಪಟ್ಟಿದೆ. ಇಂತಹ ಮರವನ್ನು ದೂಳಾಗಿಸುವ ಮುನ್ನ ಕೀಸುಳಿಯಿಂದ ಎಷ್ಟು ಸಾಧ್ಯ ಎಂಬುದನ್ನು ಯೋಚಿಸಬೇಕಾಗುತ್ತದೆ.

ಹೀಗಾಗಿ ಬೆಲ್ಟ್ ಸ್ಯಾಂಡರಿನ ನಿಜವಾದ ಕ್ಷೇತ್ರ ಬಾಗಿಲು, ಮೇಜಿನ ಹಲಗೆ, ಅಂಟಿಸಿ ಜೋಡಿಸಿದ ಅಗಲ ಹಲಗೆಗಳ ಏರುತಗ್ಗು ಸರಿಪಡಿಸುವಿಕೆ ಮೊದಲಾದವು. 60 ಅಥವಾ 80ನೆಯ ದರ್ಜೆಯ ಪಟ್ಟಿಯಿಂದ ಆರಂಭಿಸಿ, ಮರದ ಎಳೆಯ ದಿಕ್ಕಿನಲ್ಲಿಯೇ 120ರವರೆಗೆ ಸಾಗಿ ನಿಲ್ಲಿಸುವುದು ಉಚಿತ. ಮುಂದಿನ ನಯವನ್ನು ಕಂಪಿಸುವ ಯಂತ್ರಕ್ಕೋ ಕೈಗೋ ಬಿಡಬೇಕು.

ದೂಳಿನ ಪ್ರಶ್ನೆ

ಈ ಚರಿತ್ರೆಯಲ್ಲಿ ಅತ್ಯಂತ ತಡವಾಗಿ ಅರಿವಿಗೆ ಬಂದ ಅಂಶ ದೂಳು. ಕೀಸುಳಿಯ ಹೊಪ್ಪಳಿಕೆ ನೆಲಕ್ಕೆ ಬೀಳುತ್ತದೆ. ಪಟ್ಟಿಯ ಸೂಕ್ಷ್ಮ ದೂಳು ಗಾಳಿಯಲ್ಲಿ ತೇಲುತ್ತದೆ. ಇಂಗ್ಲೆಂಡಿನ ಪೀಠೋಪಕರಣ ಕೇಂದ್ರವಾದ ಹೈ ವಿಕಂಬ್ ಪಟ್ಟಣದಲ್ಲಿ 1960ರ ದಶಕದಲ್ಲಿ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್, ಮರಗೆಲಸಗಾರರಲ್ಲಿ ಮೂಗಿನ ಒಳಭಾಗದ ಒಂದು ವಿರಳ ಕ್ಯಾನ್ಸರ್ ಅಸಹಜ ಪ್ರಮಾಣದಲ್ಲಿರುವುದನ್ನು ಗುರುತಿಸಿದರು. ಇತರ ಸಂಶೋಧಕರೊಡನೆ ಅವರು ನಡೆಸಿದ ಅಧ್ಯಯನ 1968ರಲ್ಲಿ ಪ್ರಕಟವಾಯಿತು. 1969ರಲ್ಲಿ ಬ್ರಿಟನ್ ಇದನ್ನು ಔದ್ಯೋಗಿಕ ರೋಗವೆಂದು ಅಂಗೀಕರಿಸಿತು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ದೂಳನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ಖಚಿತಪಟ್ಟ ಮೊದಲ ಗುಂಪಿಗೆ ಸೇರಿಸಿತು. ಯೂರೋಪಿಯನ್ ಒಕ್ಕೂಟದಲ್ಲಿ ಗಡಸುಮರದ ದೂಳಿನ ಮಿತಿ 2023ರಿಂದ ಘನಮೀಟರ್ ಗಾಳಿಗೆ 2 ಮಿಲಿಗ್ರಾಂ ಆಗಿದೆ. ಬೀಟೆ, ತೇಗಗಳ ದೂಳು ಚರ್ಮದ ಉರಿಯೂತವನ್ನೂ ಉಂಟುಮಾಡುತ್ತದೆ.

‘ಟೇಕ್-ಅಬೌಟ್’ ಬಂದ 1926ಕ್ಕೂ ಹೈ ವಿಕಂಬಿನ ಅಧ್ಯಯನಕ್ಕೂ ನಡುವೆ ನಾಲ್ಕು ದಶಕಗಳಿಗೂ ಮೀರಿದ ಅಂತರವಿದೆ. ಆ ಅವಧಿಯಲ್ಲಿ ಯಂತ್ರದ ಶಕ್ತಿಯೂ ಪಟ್ಟಿಯ ಬಾಳಿಕೆಯೂ ಬೆಳೆದುವು; ಆದರೆ ಯಂತ್ರದ ಮೇಲೆ ಬಾಗಿ ನಿಂತವನ ಉಸಿರು ಲೆಕ್ಕಕ್ಕೆ ಬರಲಿಲ್ಲ. ಯಂತ್ರಕ್ಕೆ ಅಂಟಿದ ಬಟ್ಟೆಯ ಚೀಲ ಒರಟು ದೂಳನ್ನು ಹಿಡಿಯುತ್ತದೆಯೇ ಹೊರತು ಸೂಕ್ಷ್ಮ ದೂಳನ್ನು ಪೂರ್ಣವಾಗಿ ತಡೆಯದು. ಆದುದರಿಂದ ಹೀರುಕೊಳವೆಯನ್ನು ಬಿಗಿಯಾಗಿ ಜೋಡಿಸಲು ಬರುವ ಯಂತ್ರವನ್ನೇ ಆರಿಸಿ, ಅದರೊಡನೆ ಮುಖಕ್ಕೆ ಸರಿಯಾಗಿ ಕೂರುವ ಮುಖಗವಸನ್ನೂ ಬಳಸುವುದು ಅವಶ್ಯಕ.

ಸಮಾರೋಪ

ಮರಳುಗಲ್ಲು, ಮೀನಿನ ಚರ್ಮ, ಗಾಜಿನ ಕಾಗದ, ವಿದ್ಯುತ್ ಕುಲುಮೆಯ ಕಣಗಳು ಹಾಗೂ ಓಡುವ ಪಟ್ಟಿ - ಈ ಸರಣಿಯಲ್ಲಿ ಒಂದೊಂದೂ ಹಿಂದಿನದಕ್ಕಿಂತ ವೇಗವನ್ನು ಹೆಚ್ಚಿಸಿತು. ವೇಗ ಹೆಚ್ಚಿದಂತೆ ಮರದ ತೆಳುವಾದ ಮೈಗೂ ಕೆಲಸಗಾರನ ದೇಹಕ್ಕೂ ಒದಗಿದ ಅಪಾಯವೂ ಹೆಚ್ಚಿತು. ಮೋಟಾರಿನ ಶಕ್ತಿಯನ್ನು ಮೊದಲು ನೋಡಿ ದೂಳಿನ ಏರ್ಪಾಡನ್ನು ಕೊನೆಗೆ ನೋಡುವುದು ಈ ಯಂತ್ರದ ಚರಿತ್ರೆ ಸಾಗಿಬಂದ ಕ್ರಮವನ್ನೇ ಪುನರಾವರ್ತಿಸಿದಂತೆ. ಆ ಕ್ರಮವನ್ನು ತಿರುಗಿಸಿ, ಕೆಲಸದ ಸ್ವರೂಪ, ಮರದ ದಪ್ಪ ಮತ್ತು ಕೆಲಸಗಾರನ ಆರೋಗ್ಯಗಳನ್ನು ಮೊದಲಿಗೆ ವಿಚಾರಿಸಿ, ಬಳಿಕ ಅಗಲ, ತೂಕ, ವೇಗಗಳನ್ನು ನಿರ್ಧರಿಸುವುದೇ ಯುಕ್ತವಾದ ಆಯ್ಕೆ. ಮರಗೆಲಸದ ತರಬೇತಿ ಕೇಂದ್ರಗಳು ಈ ಕ್ರಮವನ್ನು ಪಾಠದ ಭಾಗವಾಗಿಸಿದರೆ ಯಂತ್ರವೂ ಕುಶಲತೆಯೂ ಪರಸ್ಪರ ಪೂರಕವಾಗಿ ಉಳಿಯಬಲ್ಲವು.