ಜಾಲಿಯೋ, ಸಾಗವಾನಿಯೋ?

ತುಂಬಾ ದಿನ ಆಯ್ತು ಇಲ್ಲಿ ಬರೆದು, ಕ್ಷಮೆ ಇರಲಿ. ಹೋದ ತಿಂಗಳು ಕುಷ್ಟಗಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಜ್ಜ ಕೊಂಡಿದ್ದ ಹಳೇ ಪಿಕಪ್ಪಿನ ಹಿಂಭಾಗದ ಹಲಗೆಗಳು ಪುಡಿಪುಡಿಯಾಗಿದ್ದವು. ಹೊಸದು ಹಾಕಿಸಬೇಕು. ಯಾವ ಮರ?

ಅಪ್ಪ ತಟ್ಟನೆ ಹೇಳಿದರು: "ಬದುವಿನ ಮ್ಯಾಲಿನ ಜಾಲಿಗಿಡ ಐತಲ್ಲ, ಕಡಿಸೂಣು." ಅಜ್ಜ ಮುಂದಿನ ಚಕ್ಕಡಿಗೆ ಬೇಕಾಗುತ್ತೆ ಅಂತ ಉಳಿಸಿಕೊಂಡಿದ್ದ ಗಿಡ ಅದು. ನನಗ್ಯಾಕೋ ಮನಸ್ಸು ಒಪ್ಪಲಿಲ್ಲ. ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ :)

ಕುಷ್ಟಗಿ, ಯಲಬುರ್ಗಾ ಒಣಭೂಮಿ. ಇಲ್ಲಿ ದೊಡ್ಡ ಕಾಡಿಲ್ಲ. ರೈತನ ಕೈಗೆ ಸಿಗುತ್ತಿದ್ದದ್ದು ಬೇವು, ಹುಣಸೆ, ಕರಿಜಾಲಿ. ಇವುಗಳಲ್ಲಿ ಚಕ್ಕಡಿಗೆ ಜಾಲಿಯೇ ರಾಜ. ಗಟ್ಟಿ, ಭಾರ, ಏಟು ತಿಂದರೂ ಬೇಗ ಸೀಳೋದಿಲ್ಲ. ಬಡಿಗೇರರು ಗಾಲಿ ಮಾಡಿಕೊಟ್ಟರೆ, ಕಮ್ಮಾರರು ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸಿ ನೀರು ಸುರಿಯೋರು. ಪಟ್ಟಿ ಕುಗ್ಗಿ ಅರಗಳನ್ನೆಲ್ಲ ಬಿಗಿಯಾಗಿ ಹಿಡಿಯುತ್ತಿತ್ತು. ಇಂಜಿನಿಯರಿಂಗಿನಲ್ಲಿ ನಾನು ಓದಿದ ಉಷ್ಣ ವ್ಯಾಕೋಚನ ಅವರ ಕೈಯಲ್ಲೇ ಇತ್ತು!

ಅಂದಹಾಗೆ, ಬಳ್ಳಾರಿ ಜಾಲಿ ಬೇರೆ. ಅದು ಬಳ್ಳಾರಿಯದೂ ಅಲ್ಲ, ಅಮೆರಿಕ ಖಂಡದ ಗಿಡ. ಭಾರತಕ್ಕೆ ಬಂದದ್ದು 1877ರ ಸುಮಾರಿಗೆ. ಸೌದೆಗೆ ಚೆನ್ನ, ಆದರೆ ಡೊಂಕು ಕೊಂಬೆಗಳಲ್ಲಿ ಉದ್ದ ಹಲಗೆ ಸಿಗೋದು ಕಷ್ಟ. ಇನ್ನು ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆಗಳಿಗೆ ಬೇಕಾದದ್ದು ಹಗುರವಾದ ಪೊಳ್ಕಿ ಮರ. ಒಂದೇ ಜಿಲ್ಲೆ, ಕೆಲಸಕ್ಕೊಂದು ಮರ.

ಗಂಗಾವತಿಯ ಕಥೆಯೇ ಬೇರೆ. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಸೇರಿ 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಎದ್ದವು. 75 ಕೆ.ಜಿ.ಯ ಭತ್ತದ ಚೀಲಗಳನ್ನು ಸಾಗಿಸಲು ಚಕ್ಕಡಿ ಸಾಲದಾಯ್ತು, ಲಾರಿ ಬಂತು. ಜಮ್‌ಶೆಡ್‌ಪುರದ ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಟ್ರಕ್ ತಯಾರಿಸತೊಡಗಿತ್ತು. ಬರೀ ಚಾಸಿ ಕೊಂಡು, ಮೇಲಿನ ಬಾಡಿಯನ್ನು ಬೇರೆ ಕಡೆ ಮರದಲ್ಲಿ ಕಟ್ಟಿಸೋದು ರೂಢಿ. ನಮ್ಮ ಪಿಕಪ್ಪಿಗೂ ಹಾಗೇ, ಚಕ್ಕಡಿ ಮಾಡುತ್ತಿದ್ದ ಬಡಿಗೇರರೇ ಹಲಗೆ ಹಾಕಿದ್ದರಂತೆ.

ಮರವೇ ಯಾಕೆ? ಕಬ್ಬಿಣದ ತಗಡು ತಗ್ಗು ಬೀಳುತ್ತೆ, ಒದ್ದೆಯಾದರೆ ಜಾರುತ್ತೆ. ಮರದಲ್ಲಿ ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಅಮೆರಿಕದ ಹಳೇ ಪಿಕಪ್‌ಗಳಲ್ಲೂ ಓಕ್, ಪೈನ್ ಹಲಗೆಗಳಿದ್ದವು. ನಡುವೆ ಕಬ್ಬಿಣದ ಪಟ್ಟಿ, ಮರ ಹಿಗ್ಗಿ ಕುಗ್ಗಲು ಅಲ್ಲೇ ಜಾಗ.

ಬಡಿಗೇರ ಕಾಕಾನನ್ನು ಕೇಳಿದೆ. ಆತ ನಕ್ಕ: "ತಮ್ಮಾ, ಹಸಿ ಜಾಲಿ ಕಡದು ಇವತ್ತ ಹಾಕಿದ್ರ ನಾಳೆ ಸೊಟ್ಟ ಆಕ್ಕೈತಿ. ವರ್ಷಗಟ್ಟಲೆ ಒಣಗಬೇಕು." ಇನ್ನೊಂದು ತೊಡಕೂ ಇದೆ. ಚರ್ಮ ಹದ ಮಾಡಲು ಬಳಸುವ ಟ್ಯಾನಿನ್ ಜಾಲಿಯಲ್ಲಿ ಜಾಸ್ತಿ. ಒದ್ದೆ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತೆ, ಬೋಲ್ಟ್ ತುಕ್ಕು ಹಿಡಿಯುತ್ತೆ. ಸಾಗವಾನಿಯಲ್ಲಿ ಸಹಜ ಎಣ್ಣೆಯಂಶವಿದೆ. ಅದು ಹಿಗ್ಗೋದು ಕುಗ್ಗೋದು ಕಡಿಮೆ, ಗೆದ್ದಲೂ ಸುಲಭವಾಗಿ ಮುಟ್ಟದು. ಆದರೆ ಅದು ದಾಂಡೇಲಿ ಕಡೆಯ ಕಾಡಿನ ಮರ, ಬೆಲೆ ಕೇಳಿದ್ರೆ ಎದೆ ಝಲ್ ಅನ್ನುತ್ತೆ.

ಕೊನೆಗೆ ದಾರಿ ತೋರಿಸಿದ್ದು ಕಾಕಾನೇ. ಕೊಟ್ಟಿಗೆಯ ಹಿಂದೆ ಅಜ್ಜನ ಚಕ್ಕಡಿ ಬಿದ್ದಿತ್ತು. ಅದರ ಜಾಲಿ ಮರ ಮೂವತ್ತು ವರ್ಷ ಒಣಗಿ ಕಲ್ಲಾಗಿತ್ತು. ಅದರಿಂದ ಕೆಳಗಿನ ಅಡ್ಡ ತೊಲೆಗಳಾದವು, ಬೋಲ್ಟಿನ ತೂತುಗಳಿಗೆಲ್ಲ ಬಣ್ಣ ಬಳಿದೆವು. ಮೇಲಿನ ಹಲಗೆಗೆ ಮಾತ್ರ ಸಾಗವಾನಿ ಕೊಂಡೆವು.

ಬದುವಿನ ಗಿಡ ಹಾಗೇ ಇದೆ. ಮುಂದಿನ ಚಕ್ಕಡಿ ಬರೋದಿಲ್ಲ ಅಂತ ಅಪ್ಪನಿಗೂ ಗೊತ್ತು. ಆದರೂ ಆಮೇಲೆ ಅದನ್ನು ಕಡಿಯೋ ಮಾತು ಅವರು ಎತ್ತಿಲ್ಲ.

ನಿಮ್ಮೂರಲ್ಲಿ ಗಾಡಿಗೆ ಯಾವ ಮರ ಹಾಕ್ತಿದ್ರು? ಹಿರಿಯರನ್ನು ಕೇಳಿ ಬರೀರಿ, ಓದಲು ಕಾಯ್ತಿರ್ತೀನಿ...