ಕಂತಿನ ಮೇಲೆ ಬಂದ ಕಂಪ್ಯೂಟರ್

ನೀವು ಇದನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ, ಅದರ ಒಳಗಿರುವುದು ಲಿನಕ್ಸ್. ಅದು ಹುಟ್ಟಿದ್ದು ಕಂಪನಿಯಲ್ಲಲ್ಲ, ಒಬ್ಬ ವಿದ್ಯಾರ್ಥಿಯ ಮನೆಯಲ್ಲಿ.

1991ರ ಜನವರಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ ಕಂತಿನ ಮೇಲೆ ಒಂದು 386 ಕಂಪ್ಯೂಟರ್ ಕೊಂಡರು. ರ‍್ಯಾಮ್ 4 ಎಂಬಿ. ನಮ್ಮ ಫೋನಿನ ಒಂದು ಫೋಟೊ ಈಗ ಹೆಚ್ಚುಕಡಿಮೆ ಅಷ್ಟಿರುತ್ತದೆ! ಕಾಲೇಜಿನಲ್ಲಿ ಬಳಸುತ್ತಿದ್ದ ಯುನಿಕ್ಸ್ ಮನೆಗೆ ತರಲು ದುಬಾರಿ. ಪಾಠಕ್ಕೆಂದು ತಯಾರಾದ ಮಿನಿಕ್ಸ್ ಅವರಿಗೆ ಸಾಲಲಿಲ್ಲ. ತಾವೇ ಬರೆಯಲು ಕೂತರು.

ಆಗಸ್ಟ್ 25ರಂದು ಮಿನಿಕ್ಸ್ ಬಳಸುವವರಿಗೆ ವಿಷಯ ತಿಳಿಸಿದರು. ಇದು ಬರೀ ಹವ್ಯಾಸ, ನನ್ನ ಹತ್ತಿರ ಇರುವಂಥ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದರಲ್ಲಿ ಬಹುಶಃ ನಡೆಯುವುದಿಲ್ಲ ಎಂದೂ ಹೇಳಿದ್ದರು. ಆದರೆ ಬೇರೆ ಡಿಸ್ಕ್, ಬೇರೆ ಕಾರ್ಡ್ ಇದ್ದವರು ತಮ್ಮದಕ್ಕೆ ಬೇಕಾದ್ದನ್ನು ಬರೆದು ಸೇರಿಸುತ್ತಾ ಹೋದರು. ಹಾಗೆ ಬೆಳೆಯಿತು.

ಈ ಹಳೆಯ ಕಥೆ ಈಗ ಯಾಕೆ ಅಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಿದೆ. ಎಷ್ಟೋ ಹಳೆ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಹಾಕಲು ಆಗದು. ಗುಜರಿಗೆ ಕೊಡುವ ಮುಂಚೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಿ. ವೈಫೈ, ಪ್ರಿಂಟರ್ ನಡೆಯುತ್ತವೆಯೇ ಅಂತ ಆಗಲೇ ಪರೀಕ್ಷಿಸಿ. ತೊಂದರೆ ಬಂದರೆ ಹೆಚ್ಚಾಗಿ ಅಲ್ಲೇ.

ಅಂದಹಾಗೆ, ಲಿನಸ್ ಕೊಂಡಿದ್ದ 386 ಚಿಪ್ಪಿಗೆ ಲಿನಕ್ಸ್ ಬೆಂಬಲ ಕೈಬಿಟ್ಟಿದ್ದು 2012ರ ಡಿಸೆಂಬರಿನಲ್ಲಿ.