ಮನೆಯ ಗಣಕಯಂತ್ರಕ್ಕೆ ಉಚಿತ ಬ್ಯಾಕಪ್ ತಂತ್ರಾಂಶದ ಆಯ್ಕೆ: ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಆನ್‌ಲೈನ್ ಮೂಲಕ ಸೇವೆಗಳನ್ನು ಕೋರುವ ನಾಗರಿಕರು ವ್ಯಾಸಂಗ ಪತ್ರ, ಅಂಕಪಟ್ಟಿ, ಖರೀದಿ ಪತ್ರ, ಭಾವಚಿತ್ರ ಮುಂತಾದವುಗಳ ಸ್ಕ್ಯಾನ್ ಪ್ರತಿಗಳನ್ನು ಮನೆಯ ಗಣಕಯಂತ್ರದಲ್ಲಿ ಇರಿಸಿಕೊಳ್ಳುತ್ತಾರೆ. ಹಾರ್ಡ್ ಡಿಸ್ಕ್ ಕೆಟ್ಟಲ್ಲಿ ಅಥವಾ ವೈರಸ್ ತಗುಲಿದಲ್ಲಿ ಇವೆಲ್ಲವೂ ಒಮ್ಮೆಲೇ ನಷ್ಟವಾಗುವ ಸಂಭವವಿರುತ್ತದೆ. ಅರ್ಜಿ ಸಲ್ಲಿಕೆಯ ಕೊನೆಯ ದಿನ ಹೀಗಾದಲ್ಲಿ ಅವಕಾಶವೇ ಕೈತಪ್ಪಬಹುದು. ಆದ್ದರಿಂದ ಕಡತಗಳ ಮತ್ತೊಂದು ಪ್ರತಿಯನ್ನು, ಅಂದರೆ ಬ್ಯಾಕಪ್ ಅನ್ನು, ಪ್ರತ್ಯೇಕವಾಗಿ ಇರಿಸುವುದು ಅವಶ್ಯಕ.

1. ಮೊದಲು ಉಳಿಸಬೇಕಾದ ಕಡತಗಳು

ಪಹಣಿಯಂತಹ ದಾಖಲೆಗಳನ್ನು ಮತ್ತೆ ಪಡೆಯಲು ಅವಕಾಶವಿದೆ. ಡಿಜಿಲಾಕರ್‌ನಲ್ಲಿ ಲಭ್ಯವಿರುವ ದಾಖಲೆಗಳೂ ಅಲ್ಲಿಯೇ ಸುರಕ್ಷಿತವಾಗಿರುತ್ತವೆ. ಆದರೆ ಕುಟುಂಬದ ಛಾಯಾಚಿತ್ರಗಳು, ಅಂಗಡಿ ಅಥವಾ ಬೇಸಾಯದ ಲೆಕ್ಕ, ಹಳೆಯ ಪತ್ರಗಳ ಸ್ಕ್ಯಾನ್ ಪ್ರತಿಗಳನ್ನು ಯಾವ ಕಚೇರಿಯೂ ಮರಳಿ ನೀಡಲಾರದು. ಸಂವಿಧಾನದ 371(ಜೆ) ವಿಧಿಯನ್ವಯ ಅರ್ಹತಾ ಪ್ರಮಾಣಪತ್ರ ಕೋರುವವರಿಗೆ ಹತ್ತಾರು ವರ್ಷ ಹಿಂದಿನ ಶಾಲಾ ಮತ್ತು ವಾಸಸ್ಥಳದ ದಾಖಲೆಗಳು ಬೇಕಾಗುತ್ತವೆ. ಇಂತಹ ಕಡತಗಳಿಗೆ ಮೊದಲ ಆದ್ಯತೆ ನೀಡತಕ್ಕದ್ದು.

2. ತಂತ್ರಾಂಶ ಆಯ್ಕೆಗೆ ಮಾನದಂಡಗಳು

ಅ) ಬ್ಯಾಕಪ್ ಪ್ರತಿಯು ಬೇರೆ ಗಣಕಯಂತ್ರದಲ್ಲಿಯೂ, ಆ ತಂತ್ರಾಂಶವಿಲ್ಲದೆಯೇ, ತೆರೆಯುವಂತಿರಬೇಕು.
ಆ) ತಪ್ಪಾಗಿ ಅಳಿಸಿದ ಅಥವಾ ತಿದ್ದಿದ ಕಡತದ ಹಿಂದಿನ ಪ್ರತಿಯು ಉಳಿದಿರಬೇಕು.
ಇ) ಕುಟುಂಬದ ಇತರ ಸದಸ್ಯರೂ ಬಳಸಬಲ್ಲಷ್ಟು ಸರಳವಾಗಿರಬೇಕು.
ಈ) ತಯಾರಕರ ಸ್ವಂತ ಜಾಲತಾಣದಿಂದ ಮಾತ್ರ ಪಡೆದಿರಬೇಕು.

3. ಲಭ್ಯವಿರುವ ಉಚಿತ ತಂತ್ರಾಂಶಗಳು

ಫೈಲ್ ಹಿಸ್ಟರಿ: ವಿಂಡೋಸ್ 8, 10 ಮತ್ತು 11ರಲ್ಲಿ ಅಡಕವಾಗಿದ್ದು, ಪ್ರತ್ಯೇಕವಾಗಿ ಅಳವಡಿಸುವ ಅಗತ್ಯವಿಲ್ಲ. ಹೊರಗಿನ ಡಿಸ್ಕ್ ಜೋಡಿಸಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಮ್ಮೆ ಚಾಲನೆ ನೀಡಿದರೆ, ಡಿಸ್ಕ್ ಜೋಡಣೆಯಲ್ಲಿರುವವರೆಗೆ ಗಂಟೆಗೊಮ್ಮೆ ಬದಲಾದ ಕಡತಗಳ ಪ್ರತಿ ತೆಗೆಯುತ್ತದೆ ಮತ್ತು ಹಿಂದಿನ ಪ್ರತಿಗಳನ್ನೂ ಉಳಿಸುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ಕಡತಕೋಶಗಳು ಮಾತ್ರ ತಾನಾಗಿ ಇದರ ವ್ಯಾಪ್ತಿಗೆ ಬರುತ್ತವೆ. ಡಿ ಡ್ರೈವ್‌ನಲ್ಲಿರುವ ಕಡತಗಳು ಬಿಟ್ಟುಹೋಗದಂತೆ ಗಮನಿಸತಕ್ಕದ್ದು.

ಫ್ರೀಫೈಲ್‌ಸಿಂಕ್: ಯಾವುದೇ ಕಡತಕೋಶವನ್ನು ಆಯ್ದು ನಕಲಿಸಬಹುದು. ಇದರಲ್ಲಿ ‘ಮಿರರ್’ ವಿಧಾನವು ಮೂಲದಲ್ಲಿ ಅಳಿಸಿದ ಕಡತವನ್ನು ಪ್ರತಿಯಿಂದಲೂ ತೆಗೆಯುತ್ತದೆ. ಆದ್ದರಿಂದ ಹೊಸಬರು ‘ಅಪ್‌ಡೇಟ್’ ವಿಧಾನವನ್ನು ಬಳಸುವುದು ಕ್ಷೇಮ. ತಿದ್ದಿದ ಕಡತದ ಹಿಂದಿನ ಪ್ರತಿ ಬೇಕಿದ್ದಲ್ಲಿ ‘ವರ್ಶನಿಂಗ್’ ಆಯ್ಕೆಯನ್ನೂ ಮಾಡಿಕೊಳ್ಳಬೇಕು.

ಡುಪ್ಲಿಕೇಟಿ: ಪ್ರತಿಯನ್ನು ಗುಪ್ತಪದದಿಂದ ಭದ್ರಪಡಿಸುತ್ತದೆ. ಆದರೆ ಗುಪ್ತಪದ ಮರೆತಲ್ಲಿ ಕಡತಗಳು ದೊರೆಯಲಾರವು. ಮರಳಿ ಪಡೆಯಲು ಅದೇ ತಂತ್ರಾಂಶವೂ ಬೇಕು. ಗಣಕ ಜ್ಞಾನ ಇರುವವರಿಗೆ ಇದು ಸೂಕ್ತ. ಉಬುಂಟು ಬಳಸುವವರಿಗೆ ‘ದೇಜಾ ಡುಪ್’ ಲಭ್ಯವಿದೆ.

ಬಹುಪಾಲು ಮನೆಗಳಿಗೆ ಫೈಲ್ ಹಿಸ್ಟರಿ ಸಾಕಾಗುತ್ತದೆ. ಡಿ ಡ್ರೈವ್ ಬಳಸುವವರಿಗೆ ಫ್ರೀಫೈಲ್‌ಸಿಂಕ್ ಅನುಕೂಲಕರ. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯು 2024ರಿಂದ ಬೆಂಬಲದಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದ್ದು, ಹೊಸ ವ್ಯವಸ್ಥೆಗೆ ಬದಲಾಯಿಸುವ ಮುನ್ನ ಬ್ಯಾಕಪ್ ಪಡೆಯತಕ್ಕದ್ದು.

4. ಪ್ರತಿಯನ್ನು ಇರಿಸುವ ಸ್ಥಳ

ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ನಕಲಿಸುವುದು ಬ್ಯಾಕಪ್ ಎನಿಸದು. ಸಾಮಾನ್ಯವಾಗಿ ಎರಡೂ ಒಂದೇ ಡಿಸ್ಕ್‌ನ ಭಾಗಗಳಾಗಿರುತ್ತವೆ. ಹೊರಗಿನ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಬೇರ್ಪಡಿಸಬೇಕು. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈನಂತಹ ವೈರಸ್‌ಗಳು ಜೋಡಣೆಯಲ್ಲಿರುವ ಡಿಸ್ಕ್‌ನ ಕಡತಗಳನ್ನೂ ತೆರೆಯಲಾಗದಂತೆ ಮಾಡುತ್ತವೆ.

2019ರಲ್ಲಿ ಕೃಷ್ಣಾ, 2020ರಲ್ಲಿ ಭೀಮಾ ನದಿಯ ಪ್ರವಾಹವನ್ನು ಈ ಭಾಗದ ಜನ ಕಂಡಿದ್ದಾರೆ. ಎರಡನೆಯ ಪ್ರತಿಯೊಂದನ್ನು ಬೇರೆ ಊರಿನ ನಂಬಿಕಸ್ಥ ಬಂಧುಗಳ ಮನೆಯಲ್ಲಿ ಇರಿಸುವುದು ಒಳಿತು. ಶಹಾಪುರದವರು ಸುರಪುರದಲ್ಲಿ ಇರಿಸಬಹುದು. ಗೂಗಲ್ ಖಾತೆಯ 15 ಜಿಬಿ ಉಚಿತ ಸ್ಥಳವನ್ನೂ ಬಳಸಬಹುದು. ಇ-ಮೇಲ್ ಮತ್ತು ಛಾಯಾಚಿತ್ರಗಳೂ ಇದರಲ್ಲಿಯೇ ಸೇರುತ್ತವೆ.

5. ನುಡಿ ಕಡತಗಳ ಬಗ್ಗೆ

ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪತ್ರಗಳು, ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆದುದರಿಂದ ಅಕ್ಷರಶೈಲಿಯ ಕಡತಗಳನ್ನೂ ಬ್ಯಾಕಪ್‌ನಲ್ಲಿ ಸೇರಿಸಬೇಕು, ಅಥವಾ ಪತ್ರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು.

6. ಮುಖ್ಯ ಸೂಚನೆಗಳು

• ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಕಡತಗಳನ್ನು ಬೇರೆ ಗಣಕಯಂತ್ರದಲ್ಲಿ ತೆರೆದು ಪರೀಕ್ಷಿಸುವುದು. ಪರೀಕ್ಷಿಸದ ಪ್ರತಿಯನ್ನು ನಂಬಿ ಇರಕೂಡದು.
• ಬ್ಯಾಕಪ್ ಡಿಸ್ಕನ್ನು ಜೆರಾಕ್ಸ್ ಅಂಗಡಿ ಅಥವಾ ಸೈಬರ್ ಕೇಂದ್ರಕ್ಕೆ ಒಯ್ಯಬಾರದು. ಅರ್ಜಿಗೆ ಬೇಕಾದ ಕಡತಗಳನ್ನಷ್ಟೇ ಬೇರೊಂದು ಪೆನ್ ಡ್ರೈವ್‌ನಲ್ಲಿ ಒಯ್ಯುವುದು.
• ಬ್ಯಾಕಪ್ ಹೆಸರಿನಲ್ಲಿ ದೂರವಾಣಿ ಮಾಡಿ ಗುಪ್ತಪದ ಅಥವಾ ಒಟಿಪಿ ಕೇಳುವವರಿಗೆ ಮಾಹಿತಿ ನೀಡಬಾರದು. ಹಣ ಕಳೆದುಕೊಂಡಲ್ಲಿ ಕೂಡಲೇ 1930 ಸಂಖ್ಯೆಗೆ ದೂರು ನೀಡುವುದು.